ಬಾಯ್ಕಾಟ್ ಎಂಬ ಕ್ಯಾಪ್ಟನ್

ಚೀನಾ ಮಾಲಿನಿಂದ ಹಿಡಿದು ಶುಕ್ರವಾರ ತೆರೆಕಾಣುವ ಸಿನಿಮಾದವರೆಗೆ ಈಗ ಎಲ್ಲದಕ್ಕೂ 'ಬಾಯ್ಕಾಟ್' ಹ್ಯಾಷ್‌ಟ್ಯಾಗ್. ಆ ಹೆಸರಿನ ಮನುಷ್ಯನೊಬ್ಬ ನಿಜಕ್ಕೂ ಇದ್ದ, ಅದೂ ಬಹಿಷ್ಕಾರ ಹಾಕಿದವನಲ್ಲ, ಹಾಕಿಸಿಕೊಂಡವನು.

ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟ್. ಗೇಣಿ ವಸೂಲಿ ಅವನ ಪಾಲಿನದು. 1879ರ ಬೆಳೆ ಕೈಕೊಟ್ಟಿತ್ತು. ಮರುವರ್ಷ ಒಕ್ಕಲುಗಳು ಗೇಣಿಯಲ್ಲಿ ಶೇ. 25ರಷ್ಟು ಬಿಡಿ ಎಂದರು, ಧಣಿ ಶೇ. 10ರಿಂದ ಮೇಲೇಳಲಿಲ್ಲ. ಸೆಪ್ಟೆಂಬರಿನಲ್ಲಿ ಒಕ್ಕಲೆಬ್ಬಿಸುವ ನೋಟಿಸು ಬಂತು.

ಅದೇ ತಿಂಗಳ 19ರಂದು ಎನ್ನಿಸ್ ಪಟ್ಟಣದಲ್ಲಿ, ಗೇಣಿದಾರರ ಪರ ಹೋರಾಡುತ್ತಿದ್ದ ಲ್ಯಾಂಡ್ ಲೀಗ್ ಸಂಘಟನೆಯ ನಾಯಕ ಪಾರ್ನೆಲ್ ಒಂದು ದಾರಿ ತೋರಿಸಿದ್ದ: ಇನ್ನೊಬ್ಬನನ್ನು ಎಬ್ಬಿಸಿದ ಜಮೀನನ್ನು ಯಾರು ಹಿಡಿಯುತ್ತಾನೋ ಅವನನ್ನು ಕೊಲ್ಲಬೇಡಿ, ಸಂತೆಯಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ ದೂರವಿಡಿ. ಮೇಯೋದವರು ಅದನ್ನು ಏಜೆಂಟನ ಮೇಲೆಯೇ ಪ್ರಯೋಗಿಸಿದರು. ಮನೆಯಾಳುಗಳು, ಕೂಲಿಗಳು ಬಿಟ್ಟುಹೋದರು. ಅಂಗಡಿಯವನು ಸಾಮಾನು ಕೊಡಲಿಲ್ಲ, ಕಮ್ಮಾರ ಕುದುರೆಗೆ ಲಾಳ ಹೊಡೆಯಲಿಲ್ಲ, ಬಟ್ಟೆ ಒಗೆಯುವವಳೂ ಬರಲಿಲ್ಲ. ಬೆಳೆ ಹೊಲದಲ್ಲೇ ಕೊಳೆಯುವ ಹೊತ್ತಿಗೆ ಅವನು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಗೋಳು ತೋಡಿಕೊಂಡ. ಸುದ್ದಿ ಜಗಜ್ಜಾಹೀರಾದದ್ದು ಅವನ ಕೈಯಿಂದಲೇ!

ನವೆಂಬರಿನಲ್ಲಿ ಉತ್ತರದ ಕ್ಯಾವನ್, ಮೊನಾಹನ್ ಕಡೆಯಿಂದ 50 ಸ್ವಯಂಸೇವಕರು ಕಟಾವಿಗೆ ಬಂದರು, ಅವರ ಕಾವಲಿಗೆ ಸೈನಿಕರು, ಪೊಲೀಸರು. ಸುಮಾರು 500 ಪೌಂಡ್ ಬಾಳುವ ಬೆಳೆ ಎತ್ತಲು 10,000 ಪೌಂಡ್ ಖರ್ಚಾಯಿತೆಂದು ಆಗಿನ ಅಂದಾಜು. ಡಿಸೆಂಬರ್ ಬರುತ್ತಲೇ ಬಾಯ್ಕಾಟ್ ಗಂಟುಮೂಟೆ ಕಟ್ಟಿದ.

ಪದ ಹುಟ್ಟಿದ ಬಗೆಯನ್ನು ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಬರೆದಿಟ್ಟಿದ್ದಾನೆ. ಈ ಚಳವಳಿಗೆ 'ಆಸ್ಟ್ರಸೈಸ್' (ಸಮಾಜದಿಂದ ದೂರವಿಡುವುದು) ಎಂದರೆ ರೈತರಿಗೆ ಅರ್ಥವಾಗದು, ಬೇರೇನು ಅನ್ನೋಣ ಎಂಬ ಮಾತು ಬಂದಾಗ, ಪಾದ್ರಿ ಜಾನ್ ಓಮ್ಯಾಲಿ ಹಣೆ ತಟ್ಟಿಕೊಂಡು, 'ಬಾಯ್ಕಾಟ್ ಮಾಡುವುದು ಅಂದರೆ ಹೇಗೆ?' ಎಂದನಂತೆ. ಆ ವರ್ಷ ಮುಗಿಯುವುದರೊಳಗೆ ಪತ್ರಿಕೆಗಳು ಅದನ್ನು ಎತ್ತಿಕೊಂಡವು. ಫ್ರೆಂಚ್, ಜರ್ಮನ್, ರಷ್ಯನ್ ಭಾಷೆಗಳಿಗೂ ಹೋಯಿತು. 1905ರ ಆಗಸ್ಟ್ 7ರಂದು ಕಲ್ಕತ್ತಾದ ಟೌನ್ ಹಾಲ್ ಸಭೆ ಬ್ರಿಟಿಷ್ ಸರಕಿನ ಬಾಯ್ಕಾಟ್‌ಗೆ ಕರೆಕೊಟ್ಟಿತು.

ಆಯುಧ ಮಾತ್ರ ಹಳೆಯದು. ನೀರು, ಅಂಗಡಿ, ಕೂಲಿ ತಪ್ಪಿಸಿ ದುರ್ಬಲರನ್ನು ಬಗ್ಗಿಸುವುದು ನಮ್ಮ ಹಳ್ಳಿಗಳಿಗೆ ಐರಿಷರು ಕಲಿಸಬೇಕಾದ ವಿದ್ಯೆಯೇನಲ್ಲ. ಮೇಯೋದಲ್ಲಿ ಅದು ಉಳ್ಳವರ ಕಡೆ ತಿರುಗಿತ್ತು, ಅಷ್ಟೇ. ಜಾತಿ ಪಂಚಾಯಿತಿಗಳ ಇಂಥ ಬಹಿಷ್ಕಾರವನ್ನು ತಡೆಯಲು ಮಹಾರಾಷ್ಟ್ರ 2016ರಲ್ಲಿ ತಂದ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ಇರುವುದೂ 'ಸೋಷಿಯಲ್ ಬಾಯ್ಕಾಟ್' ಎಂದೇ.