ಬಿಳಿ ಬಟ್ಟೆ ಕಟ್ಟಿದ ಮನೆಗಳು: ಲೊವಾಸ್ ಹತ್ಯಾಕಾಂಡದ ಹಿನ್ನೆಲೆ

ಬಿಳಿ ಬಟ್ಟೆ ಎತ್ತಿದವನ ಮೇಲೆ ಗುಂಡು ಹಾರಿಸಬಾರದು. ಯುದ್ಧದ ಈ ನಿಯಮ ಅಕ್ಷರ ಕಲಿಯದವರಿಗೂ ಗೊತ್ತು. ಪೂರ್ವ ಕ್ರೊಯೇಷಿಯಾದ ಲೊವಾಸ್ ಎಂಬ ಹಳ್ಳಿಯಲ್ಲಿ 1991ರ ಅಕ್ಟೋಬರ್ ತಿಂಗಳಲ್ಲಿ ಆ ನಿಯಮ ತಲೆಕೆಳಗಾಯಿತು. ಕ್ರೊಯೇಟ್ ಜನರು ತಮ್ಮ ಮನೆಗಳಿಗೆ ಬಿಳಿ ಬಟ್ಟೆ ತೂಗುಹಾಕಬೇಕು, ಹೊಸಿಲು ದಾಟಿದರೆ ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಳ್ಳಬೇಕು ಎಂದು ಊರನ್ನು ವಶಪಡಿಸಿಕೊಂಡವರು ಅಪ್ಪಣೆ ಹೊರಡಿಸಿದರು. ಆ ಬಟ್ಟೆ ಯಾರನ್ನೂ ಕಾಯಲಿಲ್ಲ. ಯಾವ ಬಾಗಿಲು ಯಾರದು ಎಂದು ಬಂದೂಕು ಹಿಡಿದವರಿಗೆ ತೋರಿಸಿಕೊಟ್ಟಿತು, ಅಷ್ಟೇ. ಅಕ್ಟೋಬರ್ 10ರಿಂದ 18ರವರೆಗೆ ಆ ಊರಿನ ಸುಮಾರು 70 ಮಂದಿ ಕ್ರೊಯೇಟ್ ನಾಗರಿಕರು ಕೊಲೆಯಾದರು.

ಲೊವಾಸ್ ಇರುವುದು ಫ್ರುಷ್ಕಾ ಗೋರಾ ಬೆಟ್ಟಸಾಲಿನ ಪಶ್ಚಿಮದ ಇಳಿಜಾರಿನಲ್ಲಿ, ಸರ್ಬಿಯಾದ ಗಡಿಗೆ ತೀರ ಹತ್ತಿರ. ಗೋಧಿ, ಮೆಕ್ಕೆಜೋಳ, ದ್ರಾಕ್ಷಿ ಬೆಳೆಯುವ ಸೀಮೆ. ಕ್ರೊಯೇಟರು ಹೆಚ್ಚು, ಜೊತೆಗೆ ಸರ್ಬರೂ ಇದ್ದರು. ಒಂದೇ ಕೃಷಿ ಸಹಕಾರ ಸಂಘ, ಒಂದೇ ಭಾಷೆ ಎನ್ನಬಹುದಾದ ಮಾತು. ಸಾವಿರದ ಏಳುನೂರರಷ್ಟೂ ಜನರಿಲ್ಲದ ಈ ಊರಿಗೆ ಸೈನ್ಯ ಬಂದದ್ದೇಕೆ ಎಂದು ಕೇಳಿದರೆ ಉತ್ತರ ವುಕೊವಾರ್ ಪಟ್ಟಣದಲ್ಲಿದೆ. ಡ್ಯಾನ್ಯೂಬ್ ದಂಡೆಯ ಆ ಪಟ್ಟಣವನ್ನು, ಕ್ರೊಯೇಷಿಯಾ ಮತ್ತು ಸರ್ಬಿಯಾ ಎರಡೂ ಸೇರಿದ್ದ ಒಕ್ಕೂಟ ದೇಶವಾದ ಯುಗೊಸ್ಲಾವಿಯಾದ ಸೈನ್ಯ ಆಗಸ್ಟ್ ಕೊನೆಯಿಂದ ಮುತ್ತಿಗೆ ಹಾಕಿತ್ತು. ಸರ್ಬಿಯಾದಿಂದ ಅಲ್ಲಿಗೆ ಟ್ಯಾಂಕುಗಳು ಹೋಗುವ ದಾರಿಯ ಆಸುಪಾಸಿನ ಹಳ್ಳಿಗಳು ಒಂದೊಂದಾಗಿ ಅದರ ಕೈಸೇರುತ್ತಿದ್ದವು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಪಕ್ಕದ ತೊವಾರ್ನಿಕ್ ಬಿದ್ದಿತ್ತು. ಲೊವಾಸ್ ಉಳಿದಿತ್ತು.

ಇದರ ಹಿಂದಿನ ಕಥೆ ಇನ್ನೂ ಉದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಬೆಂಬಲದಿಂದ ಕ್ರೊಯೇಷಿಯಾವನ್ನು ಆಳಿದ ಉಸ್ತಾಷಾ ಆಡಳಿತ, ಯಾಸೆನೊವಾಟ್ಸ್ ಶಿಬಿರದಲ್ಲೂ ಹಳ್ಳಿಗಳಲ್ಲೂ ಸರ್ಬರನ್ನು ಅಪಾರ ಸಂಖ್ಯೆಯಲ್ಲಿ ಕೊಂದಿತ್ತು. ಅದು ಸುಳ್ಳಲ್ಲ, ಹಳೆಯ ಪುರಾಣವೂ ಅಲ್ಲ. 1990ರಲ್ಲಿ ಅದನ್ನು ಕಣ್ಣಾರೆ ಕಂಡವರು ಬದುಕಿದ್ದರು. ಸರ್ಬಿಯಾದ ಅಧ್ಯಕ್ಷ ಸ್ಲೊಬೊಡಾನ್ ಮಿಲೊಶೆವಿಚ್ ಕಾಲದ ಬೆಲ್‌ಗ್ರೇಡ್ ಪ್ರಚಾರ ಈ ನಿಜವಾದ ಗಾಯವನ್ನೇ ಕೆರೆದು, ಪಕ್ಕದ ಮನೆಯ ಕ್ರೊಯೇಟನೂ ಉಸ್ತಾಷಾ ಎಂದು ನಂಬಿಸಿತು. ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನ ಹೊಸ ಸರ್ಕಾರವೂ ಸರ್ಬರ ಅಂಜಿಕೆಯನ್ನು ಹೋಗಲಾಡಿಸುವ ಕಾಳಜಿ ತೋರಲಿಲ್ಲ. 1991ರ ಮೇ 2ರಂದು ವುಕೊವಾರ್ ಹತ್ತಿರದ ಬೊರೊವೊ ಸೆಲೊ ಎಂಬಲ್ಲಿ ಸರ್ಬ್ ಬಂದೂಕುಧಾರಿಗಳ ಕೈಯಲ್ಲಿ ಕ್ರೊಯೇಷಿಯಾದ 12 ಪೊಲೀಸರು ಹತರಾದರು. ಜೂನ್ 25ರಂದು ಕ್ರೊಯೇಷಿಯಾ ಸ್ವಾತಂತ್ರ್ಯ ಘೋಷಿಸಿತು. ಅಕ್ಟೋಬರ್ 8ರಂದು ಅದು ಜಾರಿಗೆ ಬಂತು. ಮುಂದಿನ ಎರಡನೇ ದಿನ ಲೊವಾಸ್ ಮೇಲೆ ಶೆಲ್‌ಗಳು ಬಿದ್ದವು.

ಶೆಲ್‌ಗಳ ಬೆನ್ನಿಗೇ ಸ್ಥಳೀಯ ಸರ್ಬ್ ಪಡೆಯವರೂ 'ದುಶಾನ್ ಸಿಲ್ನಿ' ಎಂಬ ಅರೆಸೇನಾ ತಂಡದವರೂ ಬಂದರು. ಹದಿನಾಲ್ಕನೇ ಶತಮಾನದ ಸರ್ಬ್ ಚಕ್ರವರ್ತಿಯೊಬ್ಬನ ಹೆಸರನ್ನು ಇಟ್ಟುಕೊಂಡಿದ್ದ ತಂಡವದು. ಮನೆಗಳಲ್ಲಿ, ಅಂಗಳಗಳಲ್ಲಿ, ಬೀದಿಯಲ್ಲಿ ಜನರನ್ನು ಕೊಂದರು. ಇಂಥ ಕೃತ್ಯಗಳನ್ನು 'ಯುದ್ಧದ ಆವೇಶ' ಎಂದು ಕರೆದು ಕೈತೊಳೆದುಕೊಳ್ಳುವ ಅಭ್ಯಾಸವಿದೆ. ಮೊದಲ ದಿನದ ಮಟ್ಟಿಗೆ ಯಾರಾದರೂ ಹಾಗೆ ವಾದಿಸಬಹುದೇನೋ. ನಂತರದ ದಿನಗಳಿಗೆ ಆ ಮಾತು ಒಪ್ಪುವುದಿಲ್ಲ. ಊರಿಗೆ ಹೊಸ ಆಡಳಿತ ಬಂತು. ಆ ಊರಿನವನೇ ಆದ ಲ್ಯೂಬಾನ್ ದೆವೆತಾಕ್ ಸಹಕಾರ ಸಂಘದ ನಿರ್ದೇಶಕನಾಗಿ ಊರಿನ ಯಜಮಾನಿಕೆ ವಹಿಸಿಕೊಂಡ. ಜನರನ್ನು ಗುರುತಿಸಿದರು, ಕೂಡಿಹಾಕಿದರು, ಬಿಟ್ಟಿ ಕೆಲಸಕ್ಕೆ ಹಚ್ಚಿದರು, ಹೊಡೆದರು, ಕೊಂದರು. ಇದು ಆವೇಶವಲ್ಲ, ದಿನವಹಿ ನಡೆದ ಕಚೇರಿ ಕೆಲಸ. ಲೊವಾಸ್ ನನ್ನನ್ನು ಇಂದಿಗೂ ಕಾಡುವುದು ಇದೇ ಕಾರಣಕ್ಕೆ.

ಅಕ್ಟೋಬರ್ 17ರಂದು, 18ರಿಂದ 60 ವರ್ಷದ ಕ್ರೊಯೇಟ್ ಗಂಡಸರೆಲ್ಲ ಸಹಕಾರ ಸಂಘದ ಅಂಗಳಕ್ಕೆ ಬರಬೇಕೆಂಬ ಆದೇಶವಾಯಿತು. ರಾತ್ರಿಯಿಡೀ ಅವರನ್ನು ಅಲ್ಲೇ ಇಟ್ಟುಕೊಂಡು ಹಿಂಸಿಸಿದರು. ಬೆಳಿಗ್ಗೆ ಸುಮಾರು 50 ಮಂದಿಯನ್ನು ಆರಿಸಿ ಹೊರಡಿಸಿದರು. ದ್ರಾಕ್ಷಿ ಕೊಯ್ಲಿಗೆ ಹೋಗಬೇಕು ಎಂದು ಹೇಳಿದ್ದರು. ಅಕ್ಟೋಬರ್ ಆ ಸೀಮೆಯಲ್ಲಿ ದ್ರಾಕ್ಷಿಯ ಕಾಲವೇ. ಆದ್ದರಿಂದ ಆ ಸುಳ್ಳು ಸುಳ್ಳಿನಂತೆ ಕೇಳಿಸಿರಲಾರದು. ರಾತ್ರಿಯ ಪೆಟ್ಟಿನಿಂದ ನಡೆಯಲಾಗದ ಒಬ್ಬನನ್ನು ದಾರಿಯಲ್ಲೇ ಕೊಂದರು.

ಅವರು ಹೋಗಿ ನಿಂತದ್ದು ಕ್ಲೋವರ್ ಬೆಳೆದಿದ್ದ ಹೊಲದಲ್ಲಿ. ಕ್ಲೋವರ್ ದನಗಳ ಮೇವು, ನೆಲ ಕಾಣದಂತೆ ದಟ್ಟವಾಗಿ ಹಬ್ಬುವ ಸೊಪ್ಪು. ಅದರಡಿ ನೆಲಬಾಂಬುಗಳಿದ್ದವು. ಕೈಕೈ ಹಿಡಿದು ಸಾಲಾಗಿ ನಿಲ್ಲುವಂತೆ, ಪಾದದಿಂದ ಸೊಪ್ಪನ್ನು ಅತ್ತಿತ್ತ ಸವರುತ್ತ ಮುಂದೆ ನಡೆಯುವಂತೆ ಹೇಳಿದರು. ಹೊಲದ ಒಡೆಯನಿಗೆ ಅಂಥ ಸೊಪ್ಪಿನ ನಡುವೆ ನಡೆಯುವುದು ನಿತ್ಯದ ಕೆಲಸ. ಅದೇ ಪಾದ ಅಂದು ಬಾಂಬು ಹುಡುಕುವ ಕೋಲಾಯಿತು. ಬಾಂಬುಗಳು ಸಿಡಿದವು. ಕಾವಲಿಗಿದ್ದವರು ಗುಂಡು ಹಾರಿಸಿದರು. ಅಂದು ಸತ್ತವರು 21 ಮಂದಿ. ಬದುಕಿ ಉಳಿದವರೇ ಮುಂದೆ ನ್ಯಾಯಾಲಯಗಳಲ್ಲಿ ನಿಂತು ಈ ನಡಿಗೆಯನ್ನು ವಿವರಿಸಿದರು.

ಅವೇ ದಿನಗಳಲ್ಲಿ, ಅಕ್ಟೋಬರ್ 16ರಿಂದ 18ರ ನಡುವೆ, ಕ್ರೊಯೇಷಿಯಾದ ಇನ್ನೊಂದು ಮೂಲೆಯ ಗೊಸ್ಪಿಚ್‌ನಲ್ಲಿ ಕ್ರೊಯೇಷಿಯಾದ ಪಡೆಗಳು ಸರ್ಬ್ ನಾಗರಿಕರನ್ನು ಹತ್ತಾರು ಸಂಖ್ಯೆಯಲ್ಲಿ ಕೊಂದವು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವವರು ಎರಡೂ ಕಡೆ ಇದ್ದಾರೆ. ಲೊವಾಸ್ ಬಗ್ಗೆ ಬರೆಯುವವರು ಗೊಸ್ಪಿಚ್ ಹೆಸರನ್ನೂ ಹೇಳಬೇಕು. ಹಾಗೆ ಹೇಳಿದರೆ ಲೊವಾಸ್‌ನ ನೋವು ಕಡಿಮೆಯಾಗುವುದಿಲ್ಲ.

ಊರು ಬರಿದಾಯಿತು. 1,341 ಮಂದಿಯನ್ನು ಹೊರದೂಡಿದರು, 261 ಮನೆಗಳಿಗೆ ಬೆಂಕಿ ಇಟ್ಟರು. 1995ರ ನವೆಂಬರ್‌ನಲ್ಲಿ ಈ ಸೀಮೆಯನ್ನು ಕ್ರೊಯೇಷಿಯಾಕ್ಕೆ ಹಿಂದಿರುಗಿಸುವ ಎರ್ದುತ್ ಒಪ್ಪಂದವಾಗಿ, ವಿಶ್ವಸಂಸ್ಥೆಯ ತಾತ್ಕಾಲಿಕ ಆಡಳಿತ ಬಂದಮೇಲೆ, 1997ರಲ್ಲಿ ಸಾಮೂಹಿಕ ಸಮಾಧಿಯನ್ನು ಅಗೆದರು. 68 ದೇಹಗಳು ಸಿಕ್ಕವು. ಮನೆಯವರ ಪಾಲಿಗೆ ಆರು ವರ್ಷಗಳ ಕಾಯುವಿಕೆ ಅಲ್ಲಿಗೆ ಮುಗಿಯಿತು. ನ್ಯಾಯಕ್ಕಾಗಿ ಕಾಯುವುದು ಮುಗಿಯಲಿಲ್ಲ.

ಹೇಗ್‌ನ ಯುಗೊಸ್ಲಾವಿಯಾದ ಯುದ್ಧಾಪರಾಧಗಳನ್ನು ವಿಚಾರಿಸುತ್ತಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಮಿಲೊಶೆವಿಚ್ ಮೇಲಿನ ದೋಷಾರೋಪದಲ್ಲಿ ಲೊವಾಸ್ ಅನ್ನು ಸೇರಿಸಿತ್ತು. ತೀರ್ಪಿಗೆ ಮೊದಲೇ, 2006ರಲ್ಲಿ, ಆತ ಬಂಧನದಲ್ಲಿ ಸತ್ತ. ಕ್ರೊಯೇಷಿಯಾದ ಸರ್ಬರ ನಾಯಕ ಗೊರಾನ್ ಹಾಜಿಚ್ ಮೇಲೂ ಇದೇ ಆರೋಪವಿತ್ತು. ಕಾಯಿಲೆಯಿಂದ ವಿಚಾರಣೆ ನಿಂತು, 2016ರಲ್ಲಿ ಅವನೂ ಹೋದ. ಕ್ರೊಯೇಷಿಯಾ 1999ರಲ್ಲಿ ಹೂಡಿದ್ದ ನರಮೇಧದ ದಾವೆಗೆ, ದೇಶ ದೇಶಗಳ ನಡುವಿನ ವ್ಯಾಜ್ಯ ವಿಚಾರಿಸುವ ಅಂತರರಾಷ್ಟ್ರೀಯ ನ್ಯಾಯಾಲಯ 2015ರ ಫೆಬ್ರವರಿ 3ರಂದು ತೀರ್ಪು ಕೊಟ್ಟಿತು. ಕೊಲೆಗಳು ನಡೆದದ್ದನ್ನು ಒಪ್ಪಿತು. ಜನಾಂಗವನ್ನೇ ಅಳಿಸುವ ಉದ್ದೇಶ ಸಾಬೀತಾಗಿಲ್ಲ ಎಂದು ದಾವೆಯನ್ನು ವಜಾ ಮಾಡಿತು.

ಉಳಿದದ್ದು ಬೆಲ್‌ಗ್ರೇಡ್‌ನ ನ್ಯಾಯಾಲಯ. ಸರ್ಬಿಯಾ ತನ್ನದೇ ಜನರನ್ನು ಈ ಪ್ರಕರಣದಲ್ಲಿ ಕಟಕಟೆಗೆ ತಂದದ್ದು ಸಣ್ಣ ಸಂಗತಿಯಲ್ಲ. 2012ರಲ್ಲಿ 14 ಮಂದಿಗೆ ಒಟ್ಟು 128 ವರ್ಷಗಳ ಶಿಕ್ಷೆಯಾಯಿತು, ಅದರಲ್ಲಿ ದೆವೆತಾಕ್‌ಗೆ 20 ವರ್ಷ. ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಗೊಳಿಸಿ ಮರುವಿಚಾರಣೆಗೆ ಕಳುಹಿಸಿತು. ಸಾಕ್ಷಿಗಳಿಗೆ ಮತ್ತೆ ಅಲೆದಾಟ, ಮತ್ತೆ ಅದೇ ಹೊಲದ ವಿವರಣೆ. 2019ರಲ್ಲಿ ಹೊಸ ತೀರ್ಪು ಬಂದಾಗ ಶಿಕ್ಷೆಯಾದವರು ಎಂಟು ಮಂದಿ, ಒಟ್ಟು 47 ವರ್ಷ. ದೆವೆತಾಕ್ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

ಲೊವಾಸ್ ಅನ್ನು ಮತ್ತೆ ಕಟ್ಟಿದ್ದಾರೆ. ಆದರೆ ಜನಸಂಖ್ಯೆ ಯುದ್ಧಕ್ಕೆ ಮುಂಚೆ ಇದ್ದುದಕ್ಕಿಂತ ಬಹಳ ಇಳಿದಿದೆ. ದ್ರಾಕ್ಷಿ ಕೊಯ್ಲಿನ ಅದೇ ಅಕ್ಟೋಬರ್‌ನಲ್ಲಿ, ಪ್ರತಿ ವರ್ಷ, ಸತ್ತವರ ನೆನಪಿಗೆ ಊರು ಸೇರುತ್ತದೆ.