ಕಲ್ಲು ಸಿಮೆಂಟಿನಂತೆ, ಎಲೆ ಪ್ಲಾಸ್ಟಿಕ್ಕಿನಂತೆ ಕಾಣುವುದೇಕೆ?

ಪ್ರಶ್ನೆ: ಪುಣೆಯ ಪಾತಾಳೇಶ್ವರ ಗುಹಾ ದೇವಾಲಯದಲ್ಲಿ ಕೂತು ನಂದಿಮಂಟಪ, ಸುತ್ತಲಿನ ಗಿಡಮರಗಳನ್ನು ಜಲವರ್ಣದಲ್ಲಿ ಬರೆಯುತ್ತೇನೆ ಸರ್. ಕಲ್ಲು ಸಿಮೆಂಟಿನ ಹಾಗೆ ಬರುತ್ತೆ, ಎಲೆ ಪ್ಲಾಸ್ಟಿಕ್ ಹಾಗೆ. ಏನು ಮಾಡಲಿ?

ಉತ್ತರ: ಕಲ್ಲಿಗೆ ಕಪ್ಪು-ಬಿಳಿ ಬೆರೆಸಿ, ಎಲೆಗೆ ಟ್ಯೂಬಿನ ಹಸಿರನ್ನು ಹಾಗೇ ಹಚ್ಚಿರಬೇಕು, ಅಲ್ವಾ? ಈ ಸಲ ಎರಡನ್ನೂ ಮನೆಯಲ್ಲೇ ಬಿಡಿ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಲೆಮನ್ ಯೆಲ್ಲೋ ಸಾಕು. ನೀಲಿ, ಸಿಯೆನ್ನಾ ಸೇರಿದರೆ ಬೂದು. ನೀಲಿ ಜಾಸ್ತಿಯಾದರೆ ನೆರಳಿನ ಕಲ್ಲು, ಸಿಯೆನ್ನಾ ಜಾಸ್ತಿಯಾದರೆ ಬಿಸಿಲು ಕಂಡ ಕಲ್ಲು. ಅದೇ ನೀಲಿಗೆ ಲೆಮನ್ ಯೆಲ್ಲೋ ಬೆರೆಸಿದರೆ ಎಲೆ. ಒಂದು ಚುಕ್ಕೆ ಸಿಯೆನ್ನಾ ಹಾಕಿ, ಹಸಿರಿನ ಕಣ್ಣು ಕುಕ್ಕುವ ಹೊಳಪು ಇಳಿಯುತ್ತದೆ. ಕಲ್ಲು, ಎಲೆ ಎರಡೂ ಒಂದೇ ಮನೆಯವು ಅನಿಸತೊಡಗುತ್ತವೆ.

ಇನ್ನು ಕಲ್ಲು. ಪಾತಾಳೇಶ್ವರ 8ನೇ ಶತಮಾನದ್ದು, ನಮ್ಮ ರಾಷ್ಟ್ರಕೂಟರ ಕಾಲದ್ದು. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದಲ್ಲ, ಬಂಡೆ ಕೊರೆದು ಮಾಡಿದ್ದು. ಹಾಗಾಗಿ ಅಭ್ಯಾಸಬಲದಿಂದ ಸಂದಿನ ಗೆರೆ ಎಳೆಯಬೇಡಿ. ಪುಣೆಯದೇ ಶನಿವಾರವಾಡೆ ಕೋಟೆಯ ಗೋಡೆಗಾದರೆ ಸಂದು ಬೇಕು, ಇಲ್ಲಿ ಬೇಡ. ಪಾತಾಳೇಶ್ವರದ ಕರಿಗಲ್ಲು ಲಾವಾ ಆರಿ ಆದದ್ದು. ಒಳಗೆ ಕಬ್ಬಿಣದ ಅಂಶವಿದೆ. ಗಾಳಿ, ನೀರು ತಾಗಿ ಅದು ತುಕ್ಕು ಹಿಡಿಯುತ್ತೆ. ಹಳೆಯ ಕರಿಗಲ್ಲಿನಲ್ಲಿ ಕಂದು ಕಾಣುವುದು ಅದಕ್ಕೇ.

ಕಾಗದ ಒದ್ದೆ ಮಾಡಿ ಓಕರ್, ಬೂದು, ತುಸು ಹಸಿರು ಬಿಡಿ. ಅವು ತಾವೇ ಬೆರೆಯಲಿ, ಕುಂಚದಿಂದ ಕೆದಕಬೇಡಿ. ಪೂರ್ತಿ ಒಣಗಿದ ಮೇಲೆ ಬಣ್ಣ ಅದ್ದಿದ ಕುಂಚದ ನೀರು ಒರೆಸಿ, ಒರಟು ಕಾಗದದ ಮೇಲೆ ಅಡ್ಡಡ್ಡ ಸವರಿ. ಬಣ್ಣ ಉಬ್ಬಿನ ಮೇಲಷ್ಟೇ ಕೂತು ಕಲ್ಲಿನ ತರಿ ಬರುತ್ತೆ. ಪಾಚಿಯನ್ನು ಸುಮ್ನೆ ಎಲ್ಲೆಂದರಲ್ಲಿ ಹಚ್ಚಬೇಡಿ. ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ, ಅಲ್ಲಿ ಮಾತ್ರ. ಗೋವಾದ ಮುರಕಲ್ಲು ಬರೆಯುವವರಿಗೆ ಈ ಬೂದು ಆಗುವುದಿಲ್ಲ, ಸಿಯೆನ್ನಾಕ್ಕೆ ಕೆಂಪು ಸೇರಿಸಬೇಕು.

ಎಲೆಗಳನ್ನು ಎಣಿಸಬೇಡಿ. ಕಣ್ಣು ಕಿರಿದು ಮಾಡಿ ನೋಡಿದರೆ ಮೂರು ನಾಲ್ಕು ಗುಂಪು ಕಾಣುತ್ತವೆ, ಅಷ್ಟೇ ಬರೆಯಿರಿ. ಬೆಳಕು ಹಿಂದಿನಿಂದ ತೂರಿ ಬಂದ ಎಲೆ ಹಳದಿ ಹಸಿರು, ಆಕಾಶಕ್ಕೆ ಮುಖ ಮಾಡಿದ ಹೊಳೆಯುವ ಎಲೆ ನೀಲಿ ಬೂದು. ಕಲ್ಲಿನ ಮುಂದೆ ಚಾಚಿದ ಕೊಂಬೆ ಇದ್ದರೆ ತಿಳಿ ಎಲೆಯನ್ನು ಹಾಗೇ ಬಿಟ್ಟು, ಅದರ ಹಿಂದಿನ ಕತ್ತಲನ್ನು ಬರೆಯಿರಿ.

ನನಗೆ ತುಂಬ ಇಷ್ಟದ ಕೆಲಸ ಕೊನೆಯದು: ಕಲ್ಲಿನ ಮೇಲೆ ಬಿದ್ದ ಎಲೆಗಳ ನೆರಳು. ಜಾಸ್ತಿ ನೀಲಿಯ ತೆಳು ಬೂದಿನಲ್ಲಿ ಒಂದೇ ಸಲಕ್ಕೆ ಎಳೆಯಿರಿ. ಕಂಬದ ಅಂಚು ಬಂದಲ್ಲಿ ನೆರಳು ಮುರಿಯಬೇಕು, ಮಂಟಪದ ದುಂಡು ಅಂಚಿನಲ್ಲಿ ಬಾಗಬೇಕು. ಬಿಸಿಲು ಸರಿಯುವುದರಿಂದ ಕೂತ ತಕ್ಷಣ ಪೆನ್ಸಿಲಿನಲ್ಲಿ ನೆರಳಿನ ಜಾಗ ಗುರುತು ಮಾಡಿಕೊಳ್ಳಿ. ಬಣ್ಣ ಆಮೇಲೆ ಹಚ್ಚಬಹುದು.