ಬಿಳಿ ರೆಕ್ಕೆಗೆ ಕೆಂಪು ಬೊಟ್ಟು ಇಟ್ಟ ಪತಂಗ

ಹಗಲು ಹೊತ್ತಿನಲ್ಲಿ ಹುಲ್ಲಿನ ನಡುವೆ ನಡೆಯುವಾಗ ಕಾಲ ಬುಡದಿಂದ ಬೆಳ್ಳಗಿನದೇನೋ ಪುರ್ರನೆ ಮೇಲೇಳುತ್ತದೆ. ನಾಲ್ಕು ಮಾರು ಹಾರಿ ಕುಳಿತದ್ದೇ ತಡ, ಕಣ್ಮರೆಯಾಗುತ್ತದೆ. ಮೆಲ್ಲನೆ ಬಗ್ಗಿ ಹುಡುಕಿದರೆ, ರೆಕ್ಕೆಗಳನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡು ಒಣಕಡ್ಡಿಗೆ ಅಂಟಿಕೊಂಡ ಪುಟ್ಟ ಪತಂಗ ಸಿಗುತ್ತದೆ. ಇದರ ವೈಜ್ಞಾನಿಕ ಹೆಸರು ಉಟೆಥೈಸಾ ಪುಲ್ಚೆಲ್ಲಾ. ಪುಲ್ಚೆಲ್ಲಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಪುಟ್ಟ ಚೆಲುವೆ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇಟ್ಟ ಹೆಸರು. ಇಷ್ಟು ಒಪ್ಪುವ ಹೆಸರು ಎಲ್ಲ ಕೀಟಗಳಿಗೂ ದಕ್ಕಿಲ್ಲ.

ರೆಕ್ಕೆ ಬಿಚ್ಚಿದಾಗ ಅಗಲ ಹೆಚ್ಚೆಂದರೆ ನಾಲ್ಕು ಸೆಂಟಿಮೀಟರ್. ಮುಂದಿನ ರೆಕ್ಕೆ ಕೆನೆ ಬಣ್ಣದ್ದು. ಅದರ ಮೇಲೆ ಕುಂಕುಮ ಇಟ್ಟ ಹಾಗೆ ಕೆಂಪು ಬೊಟ್ಟುಗಳು, ಅವುಗಳ ನಡುವೆ ಸಣ್ಣ ಸಣ್ಣ ಕಪ್ಪು ಚುಕ್ಕಿಗಳು. ಹಿಂದಿನ ರೆಕ್ಕೆ ಬರೀ ಬಿಳಿ, ಹೊರ ಅಂಚಿಗೆ ಮಾತ್ರ ಅಂಕುಡೊಂಕಾದ ಕಪ್ಪು ಪಟ್ಟಿ. ಹಾರುವಾಗ ಹೊಳೆಯುವುದು ಈ ಬಿಳಿಯೇ. ಕುಳಿತೊಡನೆ ಅದು ಮುಂದಿನ ರೆಕ್ಕೆಯ ಕೆಳಗೆ ಅಡಗುವುದರಿಂದಲೇ ಪತಂಗ ಮಾಯವಾದಂತೆ ತೋರುತ್ತದೆ.

ಇಷ್ಟು ಎದ್ದು ಕಾಣುವ ಬಣ್ಣ ಹೊತ್ತು ಹಗಲಿನಲ್ಲಿ ಹಾರುವ ಧೈರ್ಯ ಬಂದದ್ದು ಮರಿಹುಳುವಾಗಿದ್ದಾಗ ತಿಂದ ಎಲೆಯಿಂದ. ಒಣಗಿದ ಕಾಯಿ ಅಲುಗಿಸಿದರೆ ಗಿಲಕಿಯಂತೆ ಸದ್ದು ಮಾಡುವ ಕ್ರೊಟಲೇರಿಯಾ ಜಾತಿಯ ಗಿಡಗಳು, ಚೇಳಿನ ಬಾಲದಂತೆ ಹೂಗೊಂಚಲು ಸುರುಳಿಗೊಳ್ಳುವ ಹೀಲಿಯೋಟ್ರೋಪಿಯಂ ಇವುಗಳ ಮೆಚ್ಚಿನ ಮೇವು. ಈ ಗಿಡಗಳಲ್ಲಿ ಪೈರೋಲಿಜಿಡೀನ್ ಆಲ್ಕಲಾಯ್ಡ್ ಎಂಬ ಕಹಿ ವಿಷವಿದೆ. ದನಕರುಗಳ ಯಕೃತ್ತನ್ನು ಕೆಡಿಸುವ ಆ ವಿಷವನ್ನು ಹುಳು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕೋಶದೊಳಗೆ ಮೈಯೆಲ್ಲ ಬದಲಾದರೂ ಅದು ಉಳಿದು ಪತಂಗಕ್ಕೆ ದಾಟುತ್ತದೆ. ಇದರ ಅಮೆರಿಕದ ಬಂಧು ಉಟೆಥೈಸಾ ಆರ್ನಾಟ್ರಿಕ್ಸ್ ಮೇಲೆ ಕೀಟವಿಜ್ಞಾನಿ ಥಾಮಸ್ ಐಸ್ನರ್ ಮತ್ತು ಅವರ ಸಂಗಡಿಗರು ಮಾಡಿದ ಪ್ರಯೋಗಗಳಲ್ಲಿ, ಬಲೆಗೆ ಬಿದ್ದ ಪತಂಗವನ್ನು ಜೇಡ ತಾನೇ ಎಳೆಗಳನ್ನು ಕತ್ತರಿಸಿ ಬಿಟ್ಟುಬಿಟ್ಟಿತು. ವಿಷವಿಲ್ಲದ ಆಹಾರದಲ್ಲಿ ಬೆಳೆಸಿದ ಪತಂಗಗಳನ್ನು ಮಾತ್ರ ತಿಂದಿತು. ಅಷ್ಟೇ ಅಲ್ಲ, ಗಂಡು ಕೂಡುವಾಗ ತನ್ನ ಪಾಲಿನ ವಿಷವನ್ನು ಹೆಣ್ಣಿಗೆ ಕೊಡುತ್ತದೆ, ಹೆಣ್ಣು ಅದನ್ನು ಮೊಟ್ಟೆಗಳಿಗೆ ಹಂಚುತ್ತದೆ. ಕೀಟಲೋಕದಲ್ಲಿ ನಾನು ಓದಿದ ಸಂಗತಿಗಳಲ್ಲಿ ಇದಕ್ಕಿಂತ ಮನಸ್ಸಿಗೆ ಹತ್ತಿರವಾದದ್ದು ಕಡಿಮೆ.

ಮೇವಿನ ಗಿಡಗಳು ಬಿಸಿಲಿನ ಬಯಲು, ಪಾಳು ಹೊಲ, ಮರಳು ದಂಡೆಗಳಲ್ಲೆಲ್ಲ ಬೆಳೆಯುವುದರಿಂದ ಪತಂಗದ ನೆಲೆಯೂ ವಿಶಾಲ: ಆಫ್ರಿಕಾ, ದಕ್ಷಿಣ ಯುರೋಪ್, ಪಶ್ಚಿಮ ಏಷ್ಯಾ, ಭಾರತ. ಗಾಳಿ ಅನುಕೂಲವಾದ ವರ್ಷಗಳಲ್ಲಿ ಕೆಲವು ಬ್ರಿಟನ್ನಿನವರೆಗೂ ಹಾರುತ್ತವೆ, ಆದರೆ ಅಲ್ಲಿನ ಚಳಿಗಾಲವನ್ನು ದಾಟಲಾರವು. ಆಸ್ಟ್ರೇಲಿಯಾದಲ್ಲಿಯೂ ಇದೆ ಎಂದು ಹಳೆಯ ದಾಖಲೆಗಳು ಹೇಳುತ್ತಿದ್ದವು. ಆದರೆ ಅಲ್ಲಿರುವವು ಇದರ ಪಡಿಯಚ್ಚಿನಂತಿರುವ ಬೇರೆ ಪ್ರಭೇದಗಳು. 1939ರಲ್ಲಿ ಕೀಟವಿಜ್ಞಾನಿ ಕಾರ್ಲ್ ಜೋರ್ಡಾನ್ ಈ ಗುಂಪನ್ನು ಕೂಲಂಕಷವಾಗಿ ಪರಿಶೀಲಿಸಿ, ಹಳೆ ಜಗತ್ತಿನ, ಅಂದರೆ ಅಮೆರಿಕ ಬಿಟ್ಟು ಉಳಿದ ಕಡೆಯ, ಪ್ರಭೇದಗಳ ನಡುವಿನ ವ್ಯತ್ಯಾಸಗಳನ್ನು ವಿವರಿಸಿದರು. ಭಾರತದಲ್ಲಿ ಪುಲ್ಚೆಲ್ಲಾ ಜೊತೆಗೆ ಲೋಟ್ರಿಕ್ಸ್ ಎಂಬ ಪ್ರಭೇದವೂ ಹಾರಾಡುತ್ತದೆ. ಎರಡಕ್ಕೂ ಅದೇ ಕೆನೆ, ಅದೇ ಕೆಂಪು, ಅದೇ ಕಪ್ಪು.